ಮಚ್ಚರದಾನಿ

"ಮಚ್ಚರದಾನಿ ಕಟ್ಯಾರ ನೋಡ್ರಿ ನಮಗ! ಇನ್ನ ಸೊಳ್ಳಿ ಕಾಟ ಇಲ್ಲ, ಹಾಯಾಗಿ ಮಲಕ್ಕೋರಿ," ಅಂದ ಮಾಣಿಕಪ್ಪ.

ಯಾರೂ ನಗಲಿಲ್ಲ. ಮಾಣಿಕಪ್ಪ ಬೀದರ್ ಕಡೆಯ ಮುದುಕ. ನಗಿಸುವುದನ್ನು ಬಿಟ್ಟರೆ ತನ್ನ ಬಾಯಿಗೆ ಬೇರೆ ಕೆಲಸವೇ ಇಲ್ಲ ಅಂದುಕೊಂಡವನು. ಯಾರೂ ನಗದಿದ್ದದ್ದು ಕಂಡು ತಾನೇ ಒಮ್ಮೆ ನಕ್ಕ, ಆಮೇಲೆ ಬಾಯಿ ಮುಚ್ಚಿಕೊಂಡ.

ಅದು ನಿಜವಾಗಿಯೂ ಸೊಳ್ಳೆಪರದೆಯ ಹಾಗೇ ಇತ್ತು. ಮೇಲಿನ ಸ್ಲ್ಯಾಬಿನಿಂದ ನೆಲದವರೆಗೆ ದಪ್ಪ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟಿದ್ದರು. ನಾಲ್ಕೂ ಕಡೆ. ಅಂಚಿಗೆಲ್ಲ ಕಂದು ಟೇಪು. ಒಂದು ಕಡೆ ಮಾತ್ರ ಮನುಷ್ಯ ನುಸುಳುವಷ್ಟು ಸೀಳು, ಆ ಸೀಳಿನ ಮೇಲೂ ಇನ್ನೊಂದು ಹಾಳೆ. ಹೊರಗಡೆ ಇಂಗ್ಲಿಷಿನಲ್ಲಿ ಬರೆದ ಚೀಟಿ ಅಂಟಿಸಿದ್ದರು.

"ಏನ್ ಬರದಾರ್ರಿ ಸಾಹೇಬ್ರ?" ಅಂತ ಸಾಬಮ್ಮ ಕೇಳಿದಳು.

"ಡಸ್ಟ್ ಫ್ರೀ ಅಂತ. ಧೂಳು ಇಲ್ಲದ ಜಾಗಾ," ಅಂದ ಪ್ರಾಣೇಶ. ಅವನು ಸೈಟಿನ ಸೂಪರ್‌ವೈಸರು. ರಾಯಚೂರಿನವನು. ಇವರನ್ನೆಲ್ಲ ಕರೆತಂದು ಕೆಲಸಕ್ಕೆ ಹಚ್ಚಿದವನೂ ಅವನೇ. "ಇವತ್ತಿಂದ ಕಟಿಂಗ್ ಎಲ್ಲಾ ಇದರೊಳಗ. ಟೆರೇಸ್ ಮ್ಯಾಲೆ ಯಾರೂ ಹೋಗಂಗಿಲ್ಲ. ನೀರ್ ಹಾಕಂಗಿಲ್ಲ."

"ನೀರ್ ಇಲ್ದ ಹೆಂಗ್ರಿ ಕೊಯ್ಯೋದು? ಧೂಳ ಏಳತೈತಿ."

"ಅದಕ್ಕ ಅಲ್ಲೇನು ಪರದೆ ಕಟ್ಟಿದ್ದು? ಒಳಗ ಏಳಲಿ. ಹೊರಗ ಬರಬಾರದು, ಅಷ್ಟ."

ಸಾಬಮ್ಮ ಗಂಡನ ಮಾರಿ ನೋಡಿದಳು. ಹುಲಗೇಶ ಕಟರಿನ ವೈರು ಸುತ್ತುತ್ತ ತಲೆ ತಗ್ಗಿಸಿಕೊಂಡಿದ್ದ.

ಸಿಕಂದರಾಬಾದಿನ ಆಚೆ, ಮಾದಾಪುರದಲ್ಲಿ ಬಂಡೆ ಸಿಡಿಸಿ ಸಿಡಿಸಿ ಗಾಜಿನ ಕಟ್ಟಡ ಏಳಿಸುತ್ತಿದ್ದ ವರ್ಷಗಳು ಅವು. ಹೋದ ದೀಪಾವಳಿಗೆ ಕಲ್ಲುಗುಂಡು ಇದ್ದ ಜಾಗದಲ್ಲಿ ಈ ದೀಪಾವಳಿಗೆ ಕೊರಳಿಗೆ ಪಟ್ಟಿ ತೂಗಿಹಾಕಿಕೊಂಡ ಹುಡುಗ ಹುಡುಗಿಯರು ಕ್ಯಾಬಿನಿಂದ ಇಳಿಯುತ್ತಿದ್ದರು. ಈ ಕಟ್ಟಡದಲ್ಲೂ ಕೆಳಗಿನ ಮಹಡಿಗಳಲ್ಲಿ ಆಗಲೇ ಆಫೀಸು ಶುರುವಾಗಿತ್ತು. ಮೇಲಿನ ಮಹಡಿ ತಯಾರಾಗಬೇಕಿತ್ತು. ಅಲ್ಲಿನ ದೊಡ್ಡ ಹಾಲಿನ ಕಂಬಗಳಿಗೆಲ್ಲ ಬಾಳೆಎಲೆಯ ಹಾಗೆ ಬಾಗಿದ ಬಿಳಿ ಫೈಬರ್ ಹಲಗೆ ಹೊದಿಸುವ ಕೆಲಸ. ಫೈಬರ್ ಅಂದರೆ ಮತ್ತೇನಲ್ಲ, ಗಾಜು. ಗಾಜನ್ನು ಕೂದಲಿಗಿಂತ ಸಣ್ಣ ನೂಲು ಮಾಡಿ, ಅಂಟಿನಲ್ಲಿ ಅದ್ದಿ, ಒಣಗಿಸಿ ಹಲಗೆ ಮಾಡಿರುತ್ತಾರೆ. ಕಂಬಕ್ಕೆ ಕೂರುವ ಹಾಗೆ ಅದರ ಅಂಚು ಕೊಯ್ಯಬೇಕು. ಕೊಯ್ದರೆ ಪುಡಿ ಏಳುತ್ತದೆ. ನೋಡಲಿಕ್ಕೆ ಜೋಳದ ಹಿಟ್ಟು. ಮುಟ್ಟಿದರೆ ಗಾಜು.

ಇಷ್ಟು ದಿನ ಟೆರೇಸಿನ ಮೇಲೆ ಕೊಯ್ಯುತ್ತಿದ್ದರು. ಹುಲಗೇಶ ಕಟರ್ ಹಿಡಿದರೆ ಸಾಬಮ್ಮ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ತಂಬಿಗೆಯಿಂದ ನೀರು ಬಿಡುತ್ತಿದ್ದಳು. ಸುಮ್ಮನೆ ಸುರಿದರೆ ಆಗಲಿಲ್ಲ. ನೂಲಿನಂಥ ಧಾರೆ, ಬ್ಲೇಡು ಹಲಗೆಯನ್ನು ಕಚ್ಚುವ ಜಾಗಕ್ಕೇ ಬೀಳಬೇಕು. ಮೋಟಾರಿನ ಮೇಲೆ ಸಿಡಿದರೆ ಶಾಕು, ದೂರ ಬಿದ್ದರೆ ಧೂಳು. ಸರಿಯಾಗಿ ಬಿದ್ದರೆ ಪುಡಿ ಅಲ್ಲೇ ಹಿಟ್ಟಾಗಿ ಕಲಸಿ ಕೆಳಗೆ ಹರಿಯುತ್ತಿತ್ತು. ಗಾಳಿಗೆ ಒಂದು ಕಣವೂ ಏಳುತ್ತಿರಲಿಲ್ಲ.

"ದಿನಾ ಧಾರಿ ಎರದು ನನ್ನ ಯಾರಿಗೆ ಕೊಡಾಕತ್ತೀಬೇ?" ಅಂತ ಹುಲಗೇಶ ಚಾಷ್ಟಿ ಮಾಡುತ್ತಿದ್ದ.

"ಕಟರಿಗೆ. ಯಾರ ತಗೋತಾರ ಬಿಡು ನಿನ್ನ? ಧಾರಿ ಎರದ್ರೂ ಸಂಜಿಕ ವಾಪಸ್ ಬರ್ತಿ," ಅನ್ನುತ್ತಿದ್ದಳು ಸಾಬಮ್ಮ.

ಆ ಬಿಳಿ ನೀರು ಪೈಪು ಸೇರದೆ ಅಂಚಿಗೆ ಹರಿದು, ಕಟ್ಟಡದ ನೀಲಿ ಗಾಜಿನ ಮೇಲೆ ಇಳಿದು ಒಣಗಿತು. ಹಾಲು ಕಕ್ಕಿದ ಕೂಸಿನ ಗದ್ದದ ಹಾಗೆ ಕಾಣುತ್ತಿತ್ತು ಕಟ್ಟಡದ ಮಾರಿ. ಹೊರದೇಶದ ಸಾಹೇಬರು ಓಪನಿಂಗಿಗೆ ಬರುವವರಿದ್ದರು. ಕಂಪನಿಯವರು ಪ್ರಾಣೇಶನಿಗೆ ಉಗಿದರು. ಪ್ರಾಣೇಶ ಇವರಿಗೆ ಉಗಿದ. ನೀರು ಬಂದಾಯಿತು. ನೀರಿಲ್ಲದೆ ಟೆರೇಸಿನ ಮೇಲೇ ಕೊಯ್ಯೋಣವೆಂದರೆ ಆಫೀಸಿಗೆ ತಂಪು ಗಾಳಿ ಎಳೆಯುವ ಮಷೀನುಗಳು ಅಲ್ಲೇ ಇದ್ದವು. ಧೂಳು ಅವುಗಳ ಬಾಯಿಗೆ ಹೋಗುತ್ತದಂತೆ. ಕೆಳಗೆ ಕೂತ ಹುಡುಗರು ಕೆಮ್ಮುತ್ತಾರಂತೆ.

ಅದಕ್ಕೆ ಮಚ್ಚರದಾನಿ.

ಸಾಬಮ್ಮನಿಗೆ ಈಗ ಧಾರೆ ಬಿಡುವ ಕೆಲಸ ಇಲ್ಲ. ಹಲಗೆ ಅದುಮಿ ಹಿಡಿಯುವ ಕೆಲಸ. ಕಟರು ಓಡುವಾಗ ಹಲಗೆ ನಡುಗುತ್ತದೆ, ನಡುಗಿದರೆ ಅಂಚು ಸಿಗಿಯುತ್ತದೆ. ಅದಕ್ಕೆ ಒಬ್ಬರು ಮೊಣಕಾಲೂರಿ ಎರಡೂ ಅಂಗೈಯಿಂದ ಒತ್ತಬೇಕು. ಮಾರಿ ಬ್ಲೇಡಿನಿಂದ ಮೊಳ ದೂರ.

ಮೊದಲ ಹಲಗೆ ಕೊಯ್ದಾಗಲೇ ಒಳಗೆ ಮಂಜು ಕವಿದಂತಾಯಿತು. ಎರಡನೆಯದಕ್ಕೆ ಗಂಡನ ಮಾರಿ ಕಾಣಲಿಲ್ಲ. ಕಟರಿನ ಸದ್ದು ಮಾತ್ರ. ಪುಡಿಗೆ ಹೋಗಲು ದಾರಿ ಇರಲಿಲ್ಲ. ಅದು ಕಣ್ಣಿಗೆ ಹೋಯಿತು, ಮೂಗಿಗೆ ಹೋಯಿತು, ಕುಪ್ಪಸದೊಳಗೆ ಇಳಿಯಿತು. ಬೆವರಿಗೆ ಅಂಟಿತು. ಕೆರೆದರೆ ಇನ್ನೂ ಒಳಗೆ ಹೊಕ್ಕಿತು. ಉಗುಳಿದರೆ ಉಗುಳು ಬಿಳಿ. ಒಮ್ಮೆ ಹುಲಗೇಶ ಕಟರ್ ನಿಲ್ಲಿಸಿ ಸೀಳಿನಿಂದ ಹೊರಗೆ ತಲೆ ಹಾಕಿದ.

"ಏ! ಒಳಗ! ಪರದೆ ಮುಚ್ಚು!" ಅಂತ ಪ್ರಾಣೇಶ ಕೂಗಿದ. "ಕಾರ್ಪೆಟ್ ಹಾಸೇವಿ ಇಲ್ಲಿ!"

ಹುಲಗೇಶ ಹೊರಗಿನ ಗಾಳಿ ಒಂದು ಸಲ ಎಳೆದುಕೊಂಡ. ಆಮೆಯ ಹಾಗೆ ತಲೆ ಒಳಗೆ ತೆಗೆದುಕೊಂಡ.

ಸಾಬಮ್ಮ ಮರುದಿನದಿಂದ ಒಂದು ಉಪಾಯ ಮಾಡಿದಳು. ಅವಳ ಹತ್ತಿರ ಒಂದು ಹಳೆಯ ಹಸಿರು ಸೀರೆ ಇತ್ತು. ಏಳು ತಿಂಗಳ ಬಸುರಿಯಿದ್ದಾಗ ತವರಿನವರು ಬಂದು ಕುಬಸ ಮಾಡಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ ಉಡಿಸಿದ ಸೀರೆ. ಒಗೆದು ಒಗೆದು ಬೆಣ್ಣೆಯಾಗಿತ್ತು. ಅದನ್ನೇ ಉಟ್ಟಳು. ಅದರದೇ ಉದ್ದ ಸೆರಗನ್ನು ತಲೆ, ಮೂಗು, ಬಾಯಿ ಸೇರಿಸಿ ಬಿಗಿಯಾಗಿ ಸುತ್ತಿಕೊಂಡಳು. ಮೇಲೆ ಗಂಡನ ಹಳೆ ಅಂಗಿ. ಅರಿವೆ ದಪ್ಪವಿದ್ದಷ್ಟೂ ಧೂಳು ಕಡಿಮೆ ಒಳಗೆ ಬರುತ್ತದೆ ಅಂದುಕೊಂಡಳು.

"ಮದುಮಗಳು ಬಂದ್ಲು," ಅಂದ ಮಾಣಿಕಪ್ಪ. ಅವನು ಕೊಯ್ದ ಹಲಗೆಗಳನ್ನು ಹೊತ್ತು ಕಂಬಕ್ಕೆ ಮುಟ್ಟಿಸುವವನು. "ಬರ್ರಿ ಬರ್ರಿ, ಒಳಗ ಬರ್ರಿ. ಅತ್ತರ್ ಹೊಡೀತಾರ."

ಸಂಜೆಗೆ ಹಸಿರು ಸೀರೆ ಬಿಳಿಯಾಗಿತ್ತು.

ಇವರಿದ್ದದ್ದು ಕಟ್ಟಡದ ಹಿಂದೆ, ಇನ್ನೂ ಒಡೆಯದೆ ಉಳಿದ ಬಂಡೆಯ ಮಗ್ಗುಲಿಗೆ, ತಗಡಿನ ಶೆಡ್ಡಿನಲ್ಲಿ. ನೀರು ಟ್ಯಾಂಕರಿನದು. ಶೆಡ್ಡಿಗೆ ಇಷ್ಟೇ ಕೊಡ ಅಂತ ಲೆಕ್ಕ. ಕುಡಿಯುವುದು, ಕುದಿಸುವುದು, ಕೂಸಿನದು. ಮಿಕ್ಕರೆ ಮೈಗೆ. ಅರಿವೆ ಒಗೆಯುವುದು ಐತವಾರ.

ಕೂಸು ಅಂದರೆ ಭಾಗ್ಯಶ್ರೀ. ಇನ್ನೂ ಮಗುಚಿ ಬೀಳುವುದನ್ನು ಕಲಿಯುತ್ತಿತ್ತು. ಹಗಲೆಲ್ಲ ಅಜ್ಜಿಯ ಹತ್ತಿರ. ಸಾಬಮ್ಮನ ಅತ್ತೆಯದು ಒಂದು ನಂಬಿಕೆ. ತಾಯಿ ಉಟ್ಟು ಬಿಟ್ಟ ಸೀರೆಯಲ್ಲೇ ಕೂಸಿಗೆ ನಿದ್ದೆ ಬರುತ್ತದೆ, ಒಗೆದ ಅರಿವೆಯಲ್ಲಿ ಬರುವುದಿಲ್ಲ. "ಅದಕ್ಕ ತಾಯಿ ವಾಸನಿ ಬೇಕು. ಸಬಕಾರದ ವಾಸನಿ ತಗೊಂಡು ಏನ್ ಮಾಡತೈತಿ?" ಅನ್ನುತ್ತಿದ್ದಳು. ಸಾಬಮ್ಮನ ತಾಯಿಯೂ ಹಾಗೇ ಮಾಡಿದ್ದಳು, ಅವಳ ತಾಯಿಯೂ. ಹಾಗಾಗಿ ಸಾಬಮ್ಮ ಸಂಜೆ ಬಂದು ಸೀರೆ ಬಿಚ್ಚಿ ಎರಡು ಸಲ ಝಾಡಿಸಿದರೆ ಅತ್ತೆ ಅದನ್ನೇ ತಗಡಿನ ಕೊಂಡಿಗೆ ತೊಟ್ಟಿಲಿನ ಹಾಗೆ ಜೋಳಿಗೆ ಕಟ್ಟುತ್ತಿದ್ದಳು.

ಮೊದಮೊದಲು ಕೂಸು ಬೆಳಗಾಗುವ ತನಕ ಮಲಗುತ್ತಿತ್ತು. ಮಚ್ಚರದಾನಿ ಬಂದ ಮೇಲೆ ಕಿಟಾರನೆ ಕಿರುಚಲು ಶುರು ಮಾಡಿತು. ಮಲಗಿಸಿದರೆ ಕಿರುಚು, ಎತ್ತಿದರೆ ಕಿರುಚು. ಬೆನ್ನು, ಕುತ್ತಿಗೆ, ತೊಡೆಯ ಸಂದಿ ಎಲ್ಲಾ ಕೆಂಪು ಗಂದೆ.

"ದಿಟ್ಟಿ ಆಗೈತಿ," ಅಂದಳು ಅತ್ತೆ. "ಆ ಕ್ಯಾಬಿನಾಗ ಬರೋ ಹುಡುಗ್ಯಾರು ಹಾದು ಹೋಗಾಗ ನೋಡ್ತಾರ. ನೋಡಿ, ಚಂದೈತಿ ಅಂತಾರ."

ಉಪ್ಪು, ಒಣಮೆಣಸಿನಕಾಯಿ, ಕಸಬರಿಗೆಯ ಕಡ್ಡಿ ಹಿಡಿದು ನಿವಾಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿ ಘಾಟು ಬರಲಿಲ್ಲ. "ನೋಡು, ಘಾಟ ಬರಲಿಲ್ಲ ಅಂದ್ರ ದಿಟ್ಟಿನ!" ಅಂದಳು. ಕೂಸು ಕಿರುಚುತ್ತಲೇ ಇತ್ತು.

ಹುಲಗೇಶ ಬಸ್ಸು ಹಿಡಿದು ಕೋಠಿಯ ಪೇಟೆಗೆ ಹೋಗಿ ಔಷಧಿ ಅಂಗಡಿಯವನಿಗೆ ಕೂಸಿನ ಬೆನ್ನಿನ ಸಂಗತಿ ಹೇಳಿ ಒಂದು ಮಲಾಮು ತಂದ. "ನರಮ್ ಕಪಡೇ ಮೇ ಸುಲಾವೋ ಅಂದ," ಅಂದ. "ಮೆತ್ತನ ಅರಿವ್ಯಾಗ ಹಾಕಬೇಕಂತ."

ಮನೆಯಲ್ಲಿ ಎಲ್ಲಕ್ಕಿಂತ ಮೆತ್ತಗಿನ ಅರಿವೆ ಯಾವುದು? ಕುಬಸದ ಸೀರೆ. ಅತ್ತೆ ಅದನ್ನು ಎರಡು ಮಡಿಕೆ ಮಾಡಿ ಕಟ್ಟಿದಳು. ಕಿರುಚಾಟ ಎರಡು ಪಟ್ಟಾಯಿತು. ತಾಯಿ ವಾಸನೆ ಸಾಲದೇನೋ ಅಂತ ಸೆರಗಿನ ತುದಿಯನ್ನೂ ಕೂಸಿನ ಮಾರಿಗೆ ಒತ್ತಿ ಮಲಗಿಸಿದಳು.

ಹುಲಗೇಶನ ಗಂಟಲು ಬಿದ್ದು ಹೋಗಿತ್ತು. ಮಾತಾಡಿದರೆ ಗರಗಸ ಎಳೆದ ಹಾಗೆ. ಚಾಷ್ಟಿ ನಿಂತಿತ್ತು.

ಹೀಗಿರುವಾಗ ಒಂದು ದಿನ ಕಂಪನಿಯ ಕಡೆಯಿಂದ ಕೆಲಸ ನೋಡುವುದಕ್ಕೆ ಮೇಡಂ ಬಂದಳು. ಅಪೂರ್ವ ಅಂತ. ಬಿಳಿ ಹೆಲ್ಮೆಟ್ಟು, ಚೂಡಿದಾರ, ಕೈಯಲ್ಲಿ ಫೋನು. ಅವಳು ಬರುವ ಮೊದಲೇ ಪ್ರಾಣೇಶ ಓಡಾಡಿ ಒಂದು ಮಷೀನು ತರಿಸಿಟ್ಟಿದ್ದ. ಪೀಪಾಯಿಯಂಥ ಹೊಟ್ಟೆ, ಕೆಳಗೆ ಗಾಲಿ, ಮುಂದೆ ಉದ್ದನೆಯ ರಬ್ಬರಿನ ಕೊಳವೆ.

"ಆನೆ ಬಂತು," ಅಂದ ಮಾಣಿಕಪ್ಪ. "ಸೊಂಡಿ ನೋಡ್ರಿ ಸೊಂಡಿ."

ಪ್ರಾಣೇಶ ಸೊಂಡಿಲಿನ ತುದಿಯನ್ನು ಕಟರಿಗೆ ಟೇಪಿನಿಂದ ಬಿಗಿದ. "ಚಾಲೂ ಮಾಡು," ಅಂದ. ಆನೆ ಗುಂಯ್ ಅಂದಿತು. ಹುಲಗೇಶ ಹಲಗೆಗೆ ಬ್ಲೇಡು ಇಟ್ಟ.

ಧೂಳು ಏಳಲಿಲ್ಲ. ಒಂದು ಚಿಟಿಕೆ ಕೂಡ ಏಳಲಿಲ್ಲ. ಬ್ಲೇಡಿನ ಬಾಯಿಂದ ಪುಡಿ ಹುಟ್ಟುತ್ತಿತ್ತು, ಹುಟ್ಟಿದ್ದೇ ಸೊಂಡಿಲಿಗೆ ಹೋಗುತ್ತಿತ್ತು. ಬೆಣ್ಣೆ ಕೊಯ್ದ ಹಾಗೆ ಅಂಚು ಬಿಟ್ಟುಕೊಂಡಿತು. ಎಷ್ಟೋ ದಿನದ ಮೇಲೆ ಸಾಬಮ್ಮನಿಗೆ ಕೊಯ್ಯುವಾಗ ಗಂಡನ ಮಾರಿ ಕಂಡಿತು. ಹುಬ್ಬು ಕಪ್ಪಗೇ ಇತ್ತು. ಅವನೂ ಇವಳ ಕಡೆ ನೋಡಿ ಕಣ್ಣು ಹೊಡೆದ. ಈ ಸುಡುಗಾಡಿನಲ್ಲೂ ಸಾಬಮ್ಮನಿಗೆ ನಗು ಬಂತು.

"ಗುಡ್," ಅಂದಳು ಅಪೂರ್ವ. ಇವರ ಮಾತು ಕೇಳಿಸಿಕೊಂಡು ತಿರುಗಿದಳು. "ನೀವು ಕನ್ನಡದವರಾ? ನಾವೂನೂ! ನಮ್ಮಪ್ಪ ಇಲ್ಲೇ ಡಿಫೆನ್ಸ್ ಫ್ಯಾಕ್ಟರೀಲಿದ್ರು. ಮನೇಲಿ ಈಗಲೂ ಕನ್ನಡಾನೇ. ಯಾವೂರಮ್ಮ ನಿಮ್ಮದು?"

"ಲಿಂಗಸುಗೂರ ಕಡೆ ಒಂದ ಹಳ್ಳಿರಿ ಮೇಡಂ."

"ನಂಗೆ ಆ ಭಾಷೆ ಕೇಳೋಕೆ ತುಂಬ ಇಷ್ಟ," ಅಂದಳು. ಫೋನಿನಲ್ಲಿ ಮಷೀನಿನ ಚಿತ್ರ ಹೊಡೆದುಕೊಂಡಳು. ಹೋದಳು.

ಅವಳ ಲಿಫ್ಟು ಇಳಿಯಿತೋ ಇಲ್ಲವೋ, ಪ್ರಾಣೇಶ ಟೇಪು ಬಿಚ್ಚತೊಡಗಿದ.

"ಯಾಕ್ರಿ ಸಾಹೇಬ್ರ? ಇನ್ನೂ ಹಲಗಿ ಅದಾವಲ್ರಿ?"

"ಇದು ಕಾರ್ಪೆಟ್ಟಿಗೆ ತಂದದ್ದವ್ವಾ. ಗಾಜಿನ ಪುಡಿ ಕುಡಿಸಿದ್ರ ಫಿಲ್ಟರ್ ಕೆಡತೈತಿ."

"ಫಿಲ್ಟರ್ ಅಂದ್ರೇನ್ರಿ?"

"ಹೊಟ್ಟಿಯೊಳಗ ಒಂದ ಅರಿವಿ ಚೀಲ ಇರತೈತಿ. ಗಾಳಿ ಬಿಡತೈತಿ, ಧೂಳ ಹಿಡಕೋತೈತಿ. ಗಾಜು ತುಂಬಿದ್ರ ಅದು ಕಟ್ಟಿಕೊಂಡು ಮಷೀನು ಸಾಯತೈತಿ. ನಾಜೂಕ ಇರತೈತಿ ಅದು."

ಮಾಣಿಕಪ್ಪ ಹೆಗಲ ಮೇಲಿನ ಹಲಗೆ ಕೆಳಗಿಟ್ಟ. "ಬರೋಬ್ಬರ್ ಅದ ಸಾಹೇಬ್ರೇ. ಪಾಪ, ಆನೆಗಿ ಉಸಿರಾಡೋ ಪುಪ್ಪುಸ ಒಂದೇ ಅದ. ನಮಗಂದ್ರ ದೇವ್ರು ಎರಡೆರಡು ಕೊಟ್ಟಾನ."

"ಏನಂದಿ?"

"ಏನಿಲ್ರಿ. ಆನೆಗಿ ಸಲಾಂ ಮಾಡ್ದೆ."

ಆನೆ ಗಾಲಿ ಉರುಳಿಸಿಕೊಂಡು ಕಾರ್ಪೆಟ್ಟಿನ ಕಡೆ ಹೋಯಿತು. ಇವರು ಸೀಳಿನಿಂದ ಒಳಗೆ ನುಸುಳಿದರು. ಆ ದಿನ ಒಳಗಿನ ಧೂಳು ಹಿಂದಿನ ದಿನಕ್ಕಿಂತ ಜಾಸ್ತಿ ಅನ್ನಿಸಿತು. ಹೆಚ್ಚಾಗಿರಲಿಲ್ಲ. ಧೂಳಿಲ್ಲದೆಯೂ ಕೊಯ್ಯಬಹುದು ಅಂತ ಈಗ ಗೊತ್ತಾಗಿತ್ತು, ಅಷ್ಟೇ.

ಐತವಾರ ಬಂತು. ಟ್ಯಾಂಕರು ಬರಲಿಲ್ಲ. ಒಗೆಯುವುದು ಮುಂದಕ್ಕೆ ಹೋಯಿತು. ಶೆಡ್ಡಿನೊಳಗೆ ಸೆಕೆ ಅಂತ ಅತ್ತೆ ಬಂಡೆಯ ಪಕ್ಕದ ಬೇವಿನ ಗಿಡಕ್ಕೆ ಜೋಳಿಗೆ ಕಟ್ಟಿದಳು. ಎಳೆಬಿಸಿಲು ಸೀರೆಯನ್ನು ಹಾದು ಕೂಸಿನ ಮೇಲೆ ಬೀಳುತ್ತಿತ್ತು. ಅತ್ತೆ ತೂಗುತ್ತ ತೂಗುತ್ತ ಕಣ್ಣು ಕಿರಿದು ಮಾಡಿ ನೋಡಿದಳು.

"ಸಾಬೂ, ಇಲ್ಲಿ ಬಾಬೇ. ನಿಮ್ಮವ್ವ ಜರಿ ಇಲ್ಲದ ಸೀರಿ ಕೊಟ್ಟಿದ್ಲಲಾ? ಜರಿ ಎಲ್ಲಿಂದ ಬಂತ ಇದಕ?"

ಸಾಬಮ್ಮ ಹತ್ತಿರ ಬಂದು ನೋಡಿದಳು. ಸೀರೆ ಮಿಂಚುತ್ತಿತ್ತು. ಎಳೆ ಎಳೆಗೂ ಸಣ್ಣ ಸಣ್ಣ ಮಿಂಚು. ಬಿಸಿಲು ಅಲುಗಿದಂತೆ ಅದೂ ಅಲುಗುತ್ತಿತ್ತು. ಬೆರಳಿಟ್ಟು ಸವರಿದಳು. ಚುರ್ ಅಂದಿತು. ಬೆರಳ ತುದಿಯಲ್ಲಿ ಕಾಣದಷ್ಟು ಸಣ್ಣ ರಕ್ತದ ಚುಕ್ಕಿ.

ಜೋಳಿಗೆಗೆ ಕೈ ಹಾಕಿದಳು. ಕೂಸನ್ನು ಎಳೆದು ತೆಗೆದಳು.

"ಗಾಜು," ಅಂದಳು. "ಗಾಜಿನಾಗ ಮಲಗಿಸೇವಬೇ ಅತ್ತಿ. ಗಾಜಿನಾಗ."

ಅತ್ತೆಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ತನ್ನ ಎರಡೂ ಕೈ ನೋಡಿಕೊಂಡಳು. ಸೆರಗಿನ ತುದಿಯನ್ನು ಕೂಸಿನ ಮಾರಿಗೆ ಒತ್ತಿದ ಕೈ. "ಯವ್ವಾ, ನಾನ ಕಟ್ಟೀನಿ," ಅಂದಳು. "ಎರಡು ಮಡಿಕಿ ಮಾಡಿ ನಾನ ಕಟ್ಟೀನಿ." ಅಷ್ಟೇ ಅಂದು ನೆಲಕ್ಕೆ ಕೂತಳು.

ಬೇರೆ ಅರಿವೆ ಹಾಸಿ ಮಲಗಿಸಿದರೆ ಆಯಿತಲ್ಲ ಅಂತ ನಿಮಗೂ ಅನ್ನಿಸಬಹುದು. ಅವಳಿಗೂ ಅನ್ನಿಸಿತು. ಅತ್ತೆಯ ಸೀರೆ ಹಾಸಿದರು. ಕೂಸಿಗೆ ಹಸಿವು. ಸಾಬಮ್ಮ ಕುಪ್ಪಸ ಬಿಚ್ಚಿ ಎದೆಗೆ ಹಚ್ಚಿಕೊಂಡಳು. ಕೂಸು ಬಾಯಿ ಇಟ್ಟಿತು, ಕಿರುಚಿ ಮಾರಿ ತಿರುವಿತು. ಮತ್ತೆ ಹಚ್ಚಿದಳು, ಮತ್ತೆ ತಿರುವಿತು. ಸಾಬಮ್ಮ ತನ್ನ ಮೊಲೆಯ ಮೇಲೆ ಅಂಗೈ ಸವರಿಕೊಂಡಳು. ಅಲ್ಲೂ ಅದೇ ಚುರುಕು. ಕೊರಳಲ್ಲಿ, ಬಗಲಲ್ಲಿ, ಕೂದಲ ಬುಡದಲ್ಲಿ. ಸೀರೆ ಬಿಚ್ಚಿಡಬಹುದು. ಮೈ ಎಲ್ಲಿ ಬಿಚ್ಚಿಡುವುದು?

"ನಾನ ಮುಳ್ಳಾಗೀನಿ," ಅಂದಳು ಗಂಡನಿಗೆ. "ನನ್ನ ಕೂಸಿಗೆ ನಾನ ಚುಚ್ಚಾಕತ್ತೀನಿ."

ಹುಲಗೇಶ ಏನೋ ಹೇಳಲು ಹೋಗಿ ಕೆಮ್ಮಿದ. ಕೆಮ್ಮುತ್ತಲೇ ಎದ್ದು ಬಂಡೆಯ ಆಚೆ ಹೋದ.

ಸೋಮವಾರ ಸಾಬಮ್ಮ ಆ ಹಸಿರು ಸೀರೆಯನ್ನೇ ಉಟ್ಟಳು. ಶೆಡ್ಡಿನಲ್ಲಿ ಬಿಟ್ಟು ಬಂದರೆ ಅತ್ತೆ ಮರೆತು ಮತ್ತೆ ಎಲ್ಲಿ ಕಟ್ಟುತ್ತಾಳೋ ಅನ್ನುವ ಹೆದರಿಕೆ. ಈ ಸಲ ಝಾಡಿಸಲೂ ಇಲ್ಲ. ಹಿಂದಿನ ಮೆಟ್ಟಿಲು ಹತ್ತಿ ಮೇಲೆ ಬಂದಳು. ಲಿಫ್ಟಿನಲ್ಲಿ ಇವರಿಗೆ ಬಿಡುತ್ತಿರಲಿಲ್ಲ. ಮಚ್ಚರದಾನಿಯ ಮುಂದೆ ನಿಂತಳು.

"ನಡಿ," ಅಂದ ಹುಲಗೇಶ.

"ನಾ ಬರಂಗಿಲ್ಲ."

"ಏನ್ ಬರಂಗಿಲ್ಲ?"

"ಇದರೊಳಗ ಬರಂಗಿಲ್ಲ. ನೀರ್ ಕೊಡ್ಲಿ, ಇಲ್ಲಾ ಆನಿ ಕೊಡ್ಲಿ. ಎರಡೂ ಕೊಡ್ಲಿಲ್ಲಂದ್ರ ನಾ ಹಲಗಿ ಹಿಡ್ಯಂಗಿಲ್ಲ. ನೀನೂ ಕೊಯ್ಯಬ್ಯಾಡ."

ಪ್ರಾಣೇಶ ಬಂದ. ಕೇಳಿದ. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಅವಳಿಗೆ ಬಾಯಿ ಬರುತ್ತಿತ್ತು. ಅವನು ತಣ್ಣಗೆ ಹೇಳಿದ:

"ಆತವ್ವಾ. ಹಿಡೀಬ್ಯಾಡ. ಶೆಡ್ಡು ಕೆಲಸದವರಿಗೆ ಕೊಟ್ಟದ್ದು, ಗೊತ್ತೈತಲಾ? ಸಂಜಿಕ ಖಾಲಿ ಮಾಡ್ರಿ. ಸಿಕಂದರಾಬಾದ್ ಸ್ಟೇಷನ್ನಿಗೆ ದಿನಾ ಗಾಡಿ ತುಂಬ ಮಂದಿ ಇಳೀತಾರ. ಅವರಿಗೂ ಎರಡೆರಡು ಕೈ ಅದಾವು."

"ಕೂಸಿನ ಮೈ ನೋಡ ಬರ್ರಿ ಒಮ್ಮಿ, ಸಾಹೇಬ್ರ."

"ನಾ ಏನ್ ಮಾಡ್ಲಿ? ಪರದೆ ಕಟ್ಟು ಅಂದವರು ಮ್ಯಾಲಿನವರು. ಬೇಕಂದ್ರ ಆ ಮೇಡಂನ ಕೇಳು. ನಿಮ್ಮ ಭಾಷೆ ಭಾಳ ಇಷ್ಟ ಅಂದ್ರಲಾ!"

ಹುಲಗೇಶ ಹೆಂಡತಿಯ ರಟ್ಟೆ ಹಿಡಿದ. ಗಂಟಲಿಂದ ಗಾಳಿ ಮಾತ್ರ ಬರುತ್ತಿತ್ತು. "ಹೋಗು. ಸೆರಗೊಡ್ಡಿ ಕೇಳು. ಹೆಣ್ಣಮಗಳು ಅದಾಳ, ಕರಳ ಇರತೈತಿ. ಜಗಳಾಡಬ್ಯಾಡ. ಸೆರಗೊಡ್ಡು."

ಸಾಬಮ್ಮ ಕಾರ್ಪೆಟ್ಟಿನ ಕಡೆ ನಡೆದಳು.

ಅಲ್ಲಿಗೆ ಇವರು ಕಾಲಿಡಬಾರದು ಅಂತ ಗೆರೆಯೇ ಇತ್ತು, ಹಳದಿ ಪಟ್ಟಿ. ದಾಟಿದಳು. ಚಪ್ಪಲಿ ಬಿಟ್ಟು ದಾಟಿದಳು. ಕಾಲಡಿಗೆ ಮೆತ್ತಗಾಯಿತು. ಕಡು ನೀಲಿ ಕಾರ್ಪೆಟ್ಟು, ಬಿಳಿ ಕಂಬಗಳು. ಈ ಕಂಬಗಳ ಅಂಚೆಲ್ಲ ತನ್ನ ಕೈಯೊಳಗೆ ನಡುಗಿ ಬಂದವು ಅಂತ ಅವಳಿಗೆ ಒಂದು ಗಳಿಗೆ ಅನ್ನಿಸಿತು. ಹೂವಿನವರು ಗೊಂಚಲು ಜೋಡಿಸುತ್ತಿದ್ದರು. ಅಪೂರ್ವ ಅವರ ನಡುವೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು. ಇವಳನ್ನು ನೋಡಿ ಹುಬ್ಬು ಏರಿಸಿದಳು, ಆಮೇಲೆ ಗುರುತು ಹಿಡಿದು ನಕ್ಕಳು.

"ಏನಮ್ಮ, ಲಿಂಗಸುಗೂರು?"

ಸಾಬಮ್ಮ ಹೇಳಿದಳು. ಮಚ್ಚರದಾನಿಯಿಂದ ಶುರು ಮಾಡಿದಳು. ಆನೆಯನ್ನು ಆವತ್ತೇ ಬಿಚ್ಚಿದ್ದು ಹೇಳಿದಳು. ಜೋಳಿಗೆ, ಗಂದೆ, ಮೊಲೆ ಬಿಟ್ಟು ಮಾರಿ ತಿರುವಿದ ಕೂಸು. ಸರಿಯಾಗಿ ಹೇಳಿದೆನೋ ಇಲ್ಲವೋ ಅಂತ ಮತ್ತೆ ಮೊದಲಿಂದ ಹೇಳಲು ಹೋದಳು. ಅಪೂರ್ವಳ ಮಾರಿಯಲ್ಲಿ ನೋವು ಬಂತು. ಸುಳ್ಳು ನೋವಲ್ಲ. ಆದರೆ ಕೈಯಲ್ಲಿನ ಫೋನು ಎರಡು ಸಲ ಗುರ್ ಅಂದಿತು, ಅವಳು ಎರಡು ಸಲವೂ ನೋಡಿದಳು.

"ಅಯ್ಯೋ ಪಾಪ. ಹಾಗೆಲ್ಲ ಆಗ್ಬಾರ್ದು. ನಾನು ಪ್ರಾಣೇಶ್ ಅವರಿಗೆ ಖಂಡಿತ ಹೇಳ್ತೀನಿ. ಈ ಓಪನಿಂಗ್ ಒಂದು ಮುಗೀಲಿ ಅಮ್ಮ, ಆಮೇಲೆ ನೋಡೋಣ. ಆಯ್ತಾ?"

"ಓಪನಿಂಗ್ ಆದ ಮ್ಯಾಲೆ ಕೊಯ್ಯೋದು ಎಲ್ಲಿ ಇರತೈತ್ರಿ, ಮೇಡಂ?"

ಅಪೂರ್ವ ಹೂವಿನವನ ಕಡೆ ತಿರುಗಿ, "ಆ ಗೊಂಚಲು ಎಡಕ್ಕೆ," ಅಂತ ತೆಲುಗಿನಲ್ಲಿ ಹೇಳಿದಳು.

ಆಗ ಸಾಬಮ್ಮ ತಲೆಗೆ ಸುತ್ತಿದ ಸೆರಗನ್ನು ಬಿಚ್ಚಿದಳು. ಎರಡೂ ಕೈಯಲ್ಲಿ ಅಂಚು ಹಿಡಿದು ಮುಂದೆ ಚಾಚಿದಳು. ಅವಳ ಊರಲ್ಲಿ ಹೆಣ್ಣುಮಗಳು ಇದಕ್ಕಿಂತ ಕೆಳಗೆ ಇಳಿಯಲಾರಳು. ಗಂಡನ ಜೀವಕ್ಕೆ, ಕೂಸಿನ ಜೀವಕ್ಕೆ ಮಾತ್ರ ಒಡ್ಡುತ್ತಾರೆ. ಒಡ್ಡಿದ ಸೆರಗನ್ನು ಎಂಥವರೂ ಬರಿದು ಮಾಡಿ ಕಳಿಸಬಾರದು.

"ಸೆರಗೊಡ್ಡಿ ಬೇಡ್ತೀನ್ರಿ ಯವ್ವಾ," ಅಂದಳು.

ಮಡಿಕೆ ಬಿಚ್ಚಿಕೊಂಡವು. ಒಂದು ವಾರದ ಗಾಜು ಸೆರಗಿನಿಂದ ಜಾರಿತು. ಹಿಟ್ಟು ಸೋಸಿದ ಹಾಗೆ ಸದ್ದಿಲ್ಲದೆ ಇಳಿದು ಕಡು ನೀಲಿ ಕಾರ್ಪೆಟ್ಟಿನ ಮೇಲೆ ಬೆಳ್ಳಗೆ ಹರಡಿತು.

ಅಪೂರ್ವ ಹಿಂದಕ್ಕೆ ಹಾರಿದಳು. "ಅಯ್ಯೋ! ಕಾರ್ಪೆಟ್! ಏನ್ ಮಾಡ್ತಿದ್ದೀರ? ಇಲ್ಲಿ ಝಾಡಿಸಬೇಡಿ!" ದುಪಟ್ಟಾ ಮೂಗಿಗೆ ಒತ್ತಿಕೊಂಡಳು.

"ಝಾಡಿಸಿಲ್ರಿ," ಅಂದಳು ಸಾಬಮ್ಮ. "ಒಡ್ಡೀನಿ."

"ಯಾರಿದ್ದೀರ ಅಲ್ಲಿ! ವ್ಯಾಕ್ಯೂಮ್ ತನ್ನಿ! ಬೇಗ!"

ಸಾಬಮ್ಮ ಸೆರಗು ಮಡಚುವಷ್ಟರಲ್ಲಿ ಆನೆ ಬಂತು. ತಾನು ಕೇಳಿದರೆ ಬಾರದ ಆನೆ, ಕಾರ್ಪೆಟ್ಟಿಗೆ ಒಂದು ಕೂಗಿಗೆ ಓಡಿ ಬಂತು. ಎಳೆದು ತಂದವಳು ಯಾದಮ್ಮ, ಆಫೀಸಿನ ಕಸ ಗುಡಿಸುವ ತೆಲುಗು ಹೆಂಗಸು. ಗೋಡೆಗೆ ಪ್ಲಗ್ ಹಾಕಿದಳು. ಗುಂಯ್ ಅಂತ ಸೊಂಡಿಲು ಆಡಿಸಿದಳು. ಬೆಳ್ಳಗಿದ್ದದ್ದು ಒಂದೊಂದೇ ಎಳೆತಕ್ಕೆ ನೀಲಿಯಾಯಿತು. ಫಿಲ್ಟರ್ ಕೆಡುತ್ತದೆ ಅಂತ ಯಾರೂ ಅನ್ನಲಿಲ್ಲ.

ಅಪೂರ್ವ ಮತ್ತೆ ಫೋನು ಕಿವಿಗಿಟ್ಟುಕೊಂಡು ಕಿಟಕಿಯ ಕಡೆ ಹೋಗಿದ್ದಳು. "ಸ್ವಲ್ಪ ಮೆಸ್ ಆಯ್ತು, ಕ್ಲೀನ್ ಮಾಡಿಸ್ತಿದೀನಿ," ಅನ್ನುವುದು ಕೇಳಿಸಿತು.

ಅದೇ ಹೊತ್ತಿಗೆ ಮಚ್ಚರದಾನಿಯ ಒಳಗಿಂದ ಕಟರಿನ ಸದ್ದು ಬಂತು. ಒಮ್ಮೆ ನಿಂತು, ಮತ್ತೆ ಶುರುವಾಗಿ, ಒಂದೇ ಸಮ ಓಡತೊಡಗಿತು. ಹಲಗೆ ನಡುಗುವ ಸದ್ದು ಬೇರೆ, ಅದುಮಿ ಹಿಡಿದ ಹಲಗೆಯ ಸದ್ದು ಬೇರೆ. ಯಾರೋ ಅದುಮಿ ಹಿಡಿದಿದ್ದರು. ಕಂಬದ ಹತ್ತಿರ ಮಾಣಿಕಪ್ಪ ಇರಲಿಲ್ಲ. ಪ್ಲಾಸ್ಟಿಕ್ಕಿನ ಆಚೆ ಎರಡು ನೆರಳು ಬಗ್ಗಿದ್ದವು. ಆಮೇಲೆ ಬಿಳಿ ಎದ್ದು ನೆರಳೂ ಕಾಣಲಿಲ್ಲ.

ಸಾಬಮ್ಮ ನಿಂತೇ ಇದ್ದಳು. ಹೋಗಲು ಒಂದು ಕಡೆ ಮಚ್ಚರದಾನಿ, ಇನ್ನೊಂದು ಕಡೆ ಸಂಜೆಗೆ ಖಾಲಿಯಾಗುವ ಶೆಡ್ಡು. ಅವಳು ಕೆಳಗೆ ಕೂತಳು. ಸೆರಗನ್ನು ಮತ್ತೆ ಎರಡೂ ಕೈಯಲ್ಲಿ ಹಿಡಿದಳು. ಈ ಸಲ ಸೊಂಡಿಲಿಗೆ ಒಡ್ಡಿದಳು.

ಆನೆ ಸೆರಗನ್ನು ಬಾಯಿಗೆಳೆದುಕೊಂಡಿತು. ಗುಂಯ್ ಅನ್ನುವ ಸದ್ದು ಕಿರಿದಾಗಿ ಕೀಂಯ್ ಅಂದಿತು.

ಬೇಡ, ಸಾಹೇಬರು ನೋಡುತ್ತಾರೆ ಅಂತ ಯಾದಮ್ಮ ಗಾಬರಿಯಾದಳು. "ವದ್ದಮ್ಮಾ, ವದ್ದು! ಸಾರ್ ಚೂಸ್ತಾಡು!"

"ನೋಡ್ಲಿ," ಅಂದಳು ಸಾಬಮ್ಮ.

ಯಾದಮ್ಮ ಅವಳ ಮಾರಿ ನೋಡಿದಳು. ಕೊರಳಿನ ಕೆಂಪು ಗಂದೆ ನೋಡಿದಳು. ಸ್ವಿಚ್ಚಿನ ಕಡೆ ಹೋಗಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ಹಿಂದಿನಿಂದ ಯಾರೋ ಓಡಿ ಬಂದು ಗೋಡೆಯ ಪ್ಲಗ್ ಕಿತ್ತರು. ಆನೆ ಉಸಿರು ಬಿಟ್ಟಿತು. ಸೆರಗು ಅದರ ಬಾಯಿಂದ ಜಾರಿ ಸಾಬಮ್ಮನ ಉಡಿಗೆ ಬಿತ್ತು. ಬಿಳಿ ಸೀರೆಯ ನಡುವೆ ಬಳೆಯಗಲದ ಒಂದು ದುಂಡು ಜಾಗದಲ್ಲಿ, ಕುಬಸದ ದಿನ ಇದ್ದ ಹಸಿರು.